ಮೆಕ್ಸಿಕೋದ ಕಡಲತಡಿಯಲ್ಲಿ ಎರಡು ಏಕಾದಶಿ

ಭಕ್ತ ಬಂಧುಗಳೇ, ಕೃಷ್ಣನ ದಯೆಯನ್ನು ಆಮೇಲೆ ಹೇಳುತ್ತೇನೆ, ಮೊದಲು ನನ್ನ ಸಿಟ್ಟನ್ನು ಕೇಳಿ. ನಮ್ಮವರ, ಅಂದರೆ ನನ್ನ ಯಜಮಾನರ, ಪ್ರಾಣ ಹೋಗಲಿದ್ದದ್ದು ಕಾಯಿಲೆಯಿಂದಲ್ಲ, ಹಟದಿಂದ.

ಕೋಲ್ಕತ್ತದ ದಕ್ಷಿಣೇಶ್ವರದಲ್ಲಿ ನಮ್ಮದೊಂದು ಇಡ್ಲಿ-ದೋಸೆ ಹೋಟೆಲು. ಮಗಳು ವಿದ್ಯಾ ಕೆಲಸಕ್ಕಿದ್ದ ಸಾಫ್ಟ್‌ವೇರ್ ಕಂಪನಿ ೨೦೦೭ರಲ್ಲಿ ಅವಳನ್ನು ಕೆಲವು ತಿಂಗಳ ಮಟ್ಟಿಗೆ ಮೆಕ್ಸಿಕೋಗೆ ಕಳಿಸಿತು. ಅವಳು ನಮ್ಮನ್ನೂ ಕರೆಸಿಕೊಂಡು, ರಜೆಯಲ್ಲಿ ಕಡಲತಡಿಯ ಒಂದು ಹಳ್ಳಿಗೆ ಕರೆದೊಯ್ದಳು. ನಾಲ್ಕೇ ಕೋಣೆಗಳ ಸಣ್ಣ ಗೆಸ್ಟ್‌ಹೌಸ್. ಕಾರ್ಮೆನ್ ಎಂಬ ವಿಧವೆ ಅದರ ಒಡತಿ.

ಆಗ ಬಂತು ಏಕಾದಶಿ. ಸಕ್ಕರೆ ಕಾಯಿಲೆಯವರಾದರೂ ನಮ್ಮವರದ್ದು ನಿರಾಹಾರದ ಉಪವಾಸ. "ಕೋಲ್ಕತ್ತದಲ್ಲಿ ಈಗ ಏಕಾದಶಿಯ ಬೆಳಗಾಯ್ತು" ಎಂದು ಸಂಜೆಯೇ ಊಟ ಬಿಟ್ಟರು. ಮರುದಿನ ಸಂಜೆ, ಅಲ್ಲಿಯ ಏಕಾದಶಿ ಮುಗಿಯಿತಲ್ಲ ಎಂದರೆ, "ಇಲ್ಲಿಯ ಸೂರ್ಯನ ಲೆಕ್ಕವೂ ಉಂಟಲ್ಲ ಮಾರಾಯ್ತಿ, ಯಾವುದು ಸರಿಯೋ, ಎರಡೂ ಮಾಡುವ" ಎಂದರು! ಮಾತ್ರೆಯನ್ನು ಮಾತ್ರ ಬಿಡಲಿಲ್ಲ. ಔಷಧ ಆಹಾರವಲ್ಲವಂತೆ. ಖಾಲಿ ಹೊಟ್ಟೆಗೆ ಸಕ್ಕರೆ ಇಳಿಸುವ ಮಾತ್ರೆ! ಇಂಥ ಬುದ್ಧಿಗೆ ಏನು ಹೇಳಲಿ?

ದ್ವಾದಶಿಯ ಬೆಳಗ್ಗೆ ವರಾಂಡದಲ್ಲಿ ಕುಸಿದರು. ಮೈಯೆಲ್ಲ ಬೆವರು, ನಡುಕ, ಮಂಪರು. ಡಾಕ್ಟರು ಇದ್ದದ್ದು ದೂರದ ಪಟ್ಟಣದಲ್ಲಿ, ಬಸ್ಸು ಮಧ್ಯಾಹ್ನಕ್ಕೆ. ನಾನು ಸಕ್ಕರೆ ನೀರು ಹಿಡಿದರೆ ಹಲ್ಲು ಕಚ್ಚಿ ಮುಖ ತಿರುಗಿಸಿದರು.

"ತುಳಸಿ... ತುಳಸಿ ಇಲ್ಲದೆ ಪಾರಣೆ ಇಲ್ಲ."

ಉಪವಾಸ ಮುರಿಯುವ ಮೊದಲ ಗುಟುಕಿಗೆ ತುಳಸಿ ಬೇಕೆಂಬುದು ಅವರ ಮನೆತನದ ನಿಯಮ. ಕೋಲ್ಕತ್ತದಿಂದ ತಂದ ಎಲೆಗಳು ಎಂದೋ ಕೊಳೆತಿದ್ದವು.

"ಅಮ್ಮಾ, ಪಪ್ಪಾ ಬಾಯಿ ಓಪನ್ ಮಾಡ್ತಾನೇ ಇಲ್ಲ! ಕುಛ್ ಕರೋ ನಾ, ಏನಾದ್ರೂ ಮಾಡು!" ಎಂದು ವಿದ್ಯಾ ಅತ್ತಳು.

ನಾನು ಪ್ರಾರ್ಥಿಸಲಿಲ್ಲ, ಜಗಳವಾಡಿದೆ. "ಕೃಷ್ಣಾ, ನಿನ್ನ ಹೆಸರಿನಲ್ಲೇ ಇವರು ಸಾಯುವುದಾ? ಊರಿಗೆಲ್ಲ ಊಟ ಹಾಕಿದ ಮನುಷ್ಯ ಹಸಿದು ಸತ್ತರೆ ನಿನಗೆ ನಾಚಿಕೆಯಾಗುವುದಿಲ್ಲವಾ? ಇನ್ನು ನಿನಗೆ ದೀಪ ಹಚ್ಚಿದರೆ ಕೇಳು!"

ಗಲಾಟೆ ಕೇಳಿ ಕಾರ್ಮೆನ್ ಓಡಿಬಂದರು. ಅವರಿಗೆ ನಮ್ಮ ಒಂದು ಮಾತೂ ತಿಳಿಯದು. ಆದರೆ ಬೆವರು, ನಡುಕ ನೋಡಿಯೇ ಗುರುತಿಸಿದವರಂತೆ ಒಳಗೆ ಹೋಗಿ ಸಕ್ಕರೆ ಬೆರೆಸಿದ ಎಳನೀರು ತಂದರು. ಬರುವಾಗ ಮೇರಿಯಮ್ಮನ ಮೂರ್ತಿಯ ಮುಂದಿದ್ದ ಕುಂಡದಿಂದ ಒಂದು ಚಿಗುರನ್ನು ಚಿವುಟಿ, ಲೋಟಕ್ಕೆ ಹಾಕಿ, ಕಣ್ಮುಚ್ಚಿ ಏನೋ ಬೇಡಿಕೊಂಡರು. ಲೋಟ ಹತ್ತಿರ ಬಂದಾಗ ನನಗೂ ಪರಿಮಳ ಹತ್ತಿತು.

ಇವರ ಮೂಗರಳಿತು. "ತುಳಸಿ" ಎಂದರು. ಬಾಯಿ ತೆರೆದರು.

ಗುಟುಕು ಗುಟುಕಾಗಿ ಕುಡಿದರು. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಗಿ ನನ್ನ ಹೆಸರು ಹಿಡಿದು ಕರೆದರು. ನಾನು ಕಾರ್ಮೆನ್ ಅವರ ಕಾಲು ಹಿಡಿದು ಅತ್ತುಬಿಟ್ಟೆ. ಮಧ್ಯಾಹ್ನದ ಬಸ್ಸಿನಲ್ಲಿ ಕರೆದೊಯ್ದಾಗ ಡಾಕ್ಟರು, ಬೆಳಗ್ಗೆ ಅದು ಹೊಟ್ಟೆಗೆ ಹೋಗದಿದ್ದರೆ ಕಷ್ಟವಿತ್ತು ಎಂದರು.

ಕೋಲ್ಕತ್ತಕ್ಕೆ ಮರಳಿ ಭಜನೆಯಲ್ಲಿ ಇದನ್ನು ಹೇಳಿದರೆ ಒಬ್ಬ ಹಿರಿಯರು ಕೇಳಿದ್ದೇನು ಗೊತ್ತೇ? "ಅದು ನಮ್ಮ ತುಳಸಿ ಅಲ್ಲ, ಅದರ ಜಾತಿಯ ಬೇರೆ ಗಿಡ. ಅವರ ಮನೆ ನೀರು ಬೇರೆ. ಪ್ರಾಯಶ್ಚಿತ್ತ ಮಾಡಿಸಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಎದ್ದು ನಿಂತರು. "ಹೌದು ಸ್ವಾಮಿ, ಆಗಬೇಕು. ಕೃಷ್ಣ ಅಷ್ಟು ದೂರ ಬಂದು ಕೊಟ್ಟದ್ದನ್ನು ಗುರುತಿಸದವರಿಗೆ."

ಈಗ ಅವರು ಡಾಕ್ಟರು ಹೇಳಿದಂತೆ ಏಕಾದಶಿಗೆ ಫಲಾಹಾರ ಮಾಡುತ್ತಾರೆ. ದ್ವಾದಶಿಯ ತುಳಸಿ ತೀರ್ಥ ಕೈಗೆ ಬಿದ್ದಾಗ ಮೊದಲು ಕಾರ್ಮೆನ್ ಅಮ್ಮನ ಹೆಸರು ಹೇಳಿ, ಆಮೇಲೆ ಕುಡಿಯುತ್ತಾರೆ. ನಾನು ದೀಪ ಹಚ್ಚುತ್ತೇನೆ.