ಮೀನು ಬಿಟ್ಟ ಮನೆ

ಮೊಗವೀರರ ಮನೆಯಲ್ಲಿ ಮೀನು ಬೇಯಲಿಲ್ಲವೆಂದರೆ ಒಂದೋ ಆ ದಿನ ಹಬ್ಬ, ಇಲ್ಲವೇ ಸೂತಕ. ಡೊಂಬಿವಲಿ ಪೂರ್ವದ ಆ ಸೊಸೈಟಿಯ ಮೂರನೇ ಮಾಳಿಗೆಯಲ್ಲಿ ಎರಡೂ ಇರಲಿಲ್ಲ. ಆದರೂ ರತ್ನಾವತಿಯ ಅಡುಗೆಮನೆಯಿಂದ ಮೀನಿನ ವಾಸನೆ ಬಾರದೆ ತಿಂಗಳುಗಳೇ ಆಗಿದ್ದವು. ಮೊದಲೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೆಟ್ಟಿಲು ಹತ್ತುತ್ತಿದ್ದ ಕೆಳಗಿನ ಮನೆಯ ಜೋಶಿ ಬಾಯಿಯೇ ಈಗ ಕಂಡಾಗಲೆಲ್ಲ ನಿಲ್ಲಿಸಿ, ಮನೆಯಲ್ಲಿ ಎಲ್ಲ ಕ್ಷೇಮ ತಾನೇ ಎಂದು ವಿಚಾರಿಸತೊಡಗಿದ್ದಳು.

ಕ್ಷೇಮ ಇರಲಿಲ್ಲ. ರತ್ನಾವತಿಯ ಗಂಡ ಮೋಹನದಾಸರ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು, ಅದೂ ಕೆಟ್ಟ ಜಾತಿಯದು. ಠಾಣೆಯ ಹೋಟೆಲೊಂದರಲ್ಲಿ ಮಾಣಿಯಾಗಿ ಸೇರಿ ಮ್ಯಾನೇಜರನಾದ ಮನುಷ್ಯ ಅವರು. ಊರಿನ ಸಾಂಬಾರನ್ನೆಲ್ಲ ಬಾಯಿಗಿಟ್ಟು ತೀರ್ಪು ಕೊಡುವುದೇ ಅವರ ಉದ್ಯೋಗ. ಮನೆಗೆ ಬಂದ ಮೇಲೂ ಆ ಉದ್ಯೋಗ ಬಿಡುತ್ತಿರಲಿಲ್ಲ. ಹುಳಿ ಮುಂದಾಯಿತು, ಕೊತ್ತಂಬರಿ ಹುರಿದದ್ದು ಸಾಲದು, ಉಪ್ಪು ನಿನ್ನ ತವರಿನವರು ಕಳಿಸಬೇಕಾ? ಹೀಗೆ ತಪ್ಪು ಹುಡುಕದೆ ಅವರು ಒಂದು ತುತ್ತು ನುಂಗಿದವರಲ್ಲ. ರತ್ನಾವತಿಯೂ ಬಿಡುವವಳಲ್ಲ. "ನಾಳೆಯಿಂದ ನೀವೇ ಬೇಯಿಸಿ" ಎನ್ನುತ್ತಿದ್ದಳು. ಅವರ ಸಂಸಾರ ಇಪ್ಪತ್ತೈದು ವರ್ಷ ಸೊಗಸಾಗಿ ನಡೆದದ್ದೇ ಹೀಗೆ.

ರಿಪೋರ್ಟು ಬಂದ ದಿನ ರತ್ನಾವತಿ ಯಾರನ್ನೂ ಕೇಳಲಿಲ್ಲ. ದೀಪ ಹಚ್ಚಿ, ಊರಿನ ಮಹಾಲಕ್ಷ್ಮಿಯನ್ನು ನೆನೆದು ಹರಕೆ ಹೇಳಿಕೊಂಡಳು: ಇವರು ಗುಣವಾಗಿ ನಿನ್ನ ಗುಡಿಯ ನಡೆಯಲ್ಲಿ ಬಂದು ನಿಲ್ಲುವವರೆಗೆ ಈ ಮನೆಯೊಳಗೆ ಮೀನು ಬರುವುದಿಲ್ಲ, ಅಮ್ಮಾ. ಪ್ರೀತಿಯದನ್ನೇ ಬಿಟ್ಟುಕೊಡಬೇಕು ತಾನೇ, ಇಲ್ಲದಿದ್ದರೆ ಅದೆಂಥ ಹರಕೆ? ಮೋಹನದಾಸರು ನಕ್ಕುಬಿಟ್ಟರು. "ದೇವಿಗೆ ನಮ್ಮ ಬಂಗುಡೆಯ ಮೇಲೆ ಎಂತ ಕೋಪ ಮಾರಾಯ್ತಿ? ಕಡಲಿನ ಮಕ್ಕಳನ್ನು ಹುಟ್ಟಿಸಿದ್ದೂ ಅವಳೇ ಅಲ್ವಾ?" ರಬಾಳೆಯ ಕಂಪನಿಯಲ್ಲಿ ದುಡಿಯುವ ಮಗ ಸಮಿತ್ ಜಾಣ. ಹೊರಗೆ ತಿಂದು ಬಾಯಿ ಒರೆಸಿಕೊಂಡು ಬರುತ್ತಿದ್ದ.

ಹರಕೆಯ ಜೊತೆಗೆ ಪಥ್ಯವೂ ಸೇರಿಕೊಂಡಿತು. ರತ್ನಾವತಿ ಕಂಡ ಪ್ರಕಾರ ಕಾಯಿಲೆ ಎಂದರೆ ಗಂಜಿ ತಿಳಿ. ಕುಚ್ಚಲಕ್ಕಿ ಬೇಯಿಸಿ, ಮೇಲಿನ ನೀರನ್ನು ಬಸಿದು, ಒಂದು ಹರಳು ಉಪ್ಪು ಹಾಕಿ ಕುಡಿಸುವುದು. ಅವಳ ತಾಯಿ ಜ್ವರಕ್ಕೆ ಹಾಗೆಯೇ ಮಾಡುತ್ತಿದ್ದಳು. ಸಣ್ಣ ಜ್ವರಕ್ಕೆ ಮೂರು ದಿನ ತಿಳಿಯಾದರೆ ಇಷ್ಟು ದೊಡ್ಡ ರೋಗಕ್ಕೆ ಎಷ್ಟು ದಿನ ಬೇಡ? ಮೊಟ್ಟೆ ಉಷ್ಣ, ಮೊಸರು ಶೀತ, ತೆಂಗಿನಕಾಯಿ ಪಿತ್ತ ಎಂದು ಒಂದೊಂದನ್ನೇ ಬಿಡಿಸುತ್ತಾ ಬಂದಳು. ಆಸ್ಪತ್ರೆಯ ಔಷಧಿಗೆ ವಾಂತಿಯಾದಾಗಲಂತೂ ತಿಳಿಯನ್ನು ಇನ್ನೂ ತಿಳಿ ಮಾಡಿದಳು. ಬೆಳಗ್ಗೆ ಕೆಳಗೆ ಮೀನು ಮಾರುವ ಮಾವಶಿ ಕೂಗಿದಾಗ ಮೋಹನದಾಸರು ಎದ್ದುಹೋಗಿ ಬಾಲ್ಕನಿಯ ಸರಳು ಹಿಡಿದು ನಿಲ್ಲುತ್ತಿದ್ದರು. ಬುಟ್ಟಿ ಗೇಟು ದಾಟಿ ಮರೆಯಾಗುವವರೆಗೂ ನೋಡುತ್ತಿದ್ದರು. ಅವರು ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು. ಆ ಬೆನ್ನನ್ನು ನೋಡುವುದು ಅವಳಿಗೆ ಜಗಳಕ್ಕಿಂತ ಕಷ್ಟವಾಗುತ್ತಿತ್ತು.

ನವಿ ಮುಂಬಯಿಯ ಆಸ್ಪತ್ರೆಯ ಡಾಕ್ಟರರು ಒಂದು ದಿನ ಗಡ್ಡೆ ಕುಗ್ಗಿದೆ, ಈಗ ಕತ್ತರಿಸಿ ತೆಗೆಯಬಹುದು ಎಂದರು. ರತ್ನಾವತಿ ಕೈಮುಗಿಯುವಷ್ಟರಲ್ಲಿ ಅವರ ಮಾತು ಮುಂದುವರಿಯಿತು. ಗಡ್ಡೆಯ ಜೊತೆ ಮನುಷ್ಯರೂ ಕುಗ್ಗಿದ್ದಾರೆ. ಈ ಮೈಗೆ ಕತ್ತಿ ಹಾಕಿದರೆ ಗಾಯ ಮಾಯುವುದಿಲ್ಲ. ಒಂದು ತಿಂಗಳೊಳಗೆ ತೂಕ ಹೆಚ್ಚಿಸಿಕೊಂಡು ಬಂದರೆ ಆಪರೇಶನ್, ಇಲ್ಲದಿದ್ದರೆ ಇಲ್ಲ.

ಹಾಗೆ ಹೇಳಿ ಅವರು ಪಕ್ಕದ ಕೋಣೆಯ ಆಹಾರತಜ್ಞೆಯ ಬಳಿ ಕಳಿಸಿದರು. ತೃಪ್ತಿ ಎಂಬ ಹುಡುಗಿ. ಅಪ್ಪ ಅಮ್ಮ ಕಾರ್ಕಳದ ಕಡೆಯವರು, ಅವಳು ಹುಟ್ಟಿ ಬೆಳೆದದ್ದೆಲ್ಲ ಆಸ್ಪತ್ರೆಯಿದ್ದ ಐರೋಲಿಯಲ್ಲೇ. ನಮ್ಮ ಮಾತು ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅಂಕಲ್ ದಿನವೆಲ್ಲ ಏನೇನು ತಿನ್ನುತ್ತಾರೆ ಎಂದು ಕೇಳಿದಾಗ ರತ್ನಾವತಿ ತನ್ನ ಪಥ್ಯವನ್ನು ಹೆಮ್ಮೆಯಿಂದಲೇ ವಿವರಿಸಿದಳು. ಹುಡುಗಿ ಬೈಯಲಿಲ್ಲ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಮೆಲ್ಲಗೆ ಕೇಳಿದಳು:

"ಔರ್ ಆಂಟಿ, ಚಾವಲ್ ಕೌನ್ ಖಾತಾ ಹೈ?"

ಅನ್ನ ಯಾರು ತಿನ್ನುತ್ತಾರೆ? ಬಸಿದುಳಿದ ಅನ್ನವನ್ನು ದಂಡ ಮಾಡಬಾರದೆಂದು ಉಪ್ಪಿನಕಾಯಿ ಹಚ್ಚಿಕೊಂಡು ದಿನವೂ ತಿನ್ನುತ್ತಿದ್ದವಳು ರತ್ನಾವತಿಯೇ.

ತೃಪ್ತಿ ಅವಳ ಕೈಹಿಡಿದು ತಿಳಿಹೇಳಿದಳು. ಇದು ಜ್ವರವಲ್ಲ, ಉಪವಾಸ ಕೆಡವಿ ಇಳಿಸಲಿಕ್ಕೆ. ಈ ಕಾಯಿಲೆ ಒಳಗಿನಿಂದ ಮಾಂಸ ತಿನ್ನುತ್ತದೆ, ಹೊರಗಿನಿಂದ ನಾವು ತುಂಬಬೇಕು. ಗಂಜಿಯನ್ನು ಹೆಸರುಬೇಳೆ ಹಾಕಿ ಅಗುಳು ಸಮೇತ ಕೊಡಿ. ಮೊಟ್ಟೆ, ಮೊಸರು, ಎಲ್ಲಕ್ಕಿಂತ ಹೆಚ್ಚಾಗಿ ಮೀನು. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ಮೀನು ಎಂಬ ಮಾತು ಕೇಳಿದ್ದೇ ಮೋಹನದಾಸರು ತಲೆಯೆತ್ತಿ ಹೆಂಡತಿಯ ಮುಖ ನೋಡಿದರು. ಆಮೇಲೆ ಏನೂ ಕೇಳಿಸದವರಂತೆ ಕಿಟಕಿಯ ಕಡೆ ತಿರುಗಿದರು.

ಐರೋಲಿಯಿಂದ ಠಾಣೆಗೆ ಬರುವ ಲೋಕಲ್ ಗಾಡಿಯಲ್ಲಿ ಸೀಟು ಸಿಕ್ಕಿತು. ಮೋಹನದಾಸರು ಅವಳ ಹೆಗಲಿಗೆ ತಲೆಯಿಟ್ಟು ನಿದ್ದೆಹೋದರು. ಆ ತಲೆ ಎಷ್ಟು ಹಗುರವಾಗಿತ್ತೆಂದರೆ ಅವಳಿಗೆ ಅಳು ತಡೆಯಲಾಗಲಿಲ್ಲ. ನೀರು ಅವರಿಗೆ ಕೊಟ್ಟು ಅನ್ನ ನಾನು ತಿಂದೆನಲ್ಲ ಎಂದು ಒಳಗೊಳಗೇ ಬೆಂದುಹೋದಳು. ಎದುರು ಕೂತ ಮರಾಠಿ ಹೆಂಗಸು ನೀರಿನ ಬಾಟಲಿ ಮುಂದೆ ಹಿಡಿದಳು.

ನಮ್ಮ ಕರಾವಳಿಯ ದೇವರುಗಳು ಕೋಪಿಷ್ಠರಾದರೂ ರಾಜಿಗೆ ಒಪ್ಪುವವರು. ಹೇಳಿದ ಮಾತು ತಪ್ಪಿದರೆ ತಪ್ಪು ಕಾಣಿಕೆ ಕಟ್ಟಿಟ್ಟು, ಊರಿಗೆ ಹೋದಾಗ ಒಪ್ಪಿಸಿದರೆ ಆಯಿತು. ಮಾರನೆಯ ದಿನ ರತ್ನಾವತಿ ಮಿಂದು, ಅರಸಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಮುಂದಿಟ್ಟಳು. ಆದರೆ ಪೂರ್ತಿ ರಾಜಿಯಾಗಲು ಅವಳಿಗೆ ಧೈರ್ಯ ಸಾಲಲಿಲ್ಲ. "ಅವರ ಪಾಲಿನ ಹರಕೆಯನ್ನು ಬಿಟ್ಟುಬಿಡು ತಾಯೀ, ನನ್ನ ಪಾಲಿನದು ಹಾಗೇ ಇರಲಿ" ಎಂದು ಬೇಡಿಕೊಂಡಳು. ಮೀನು ಒಳಗೆ ಬರಬಹುದು, ಅವಳ ನಾಲಿಗೆಗೆ ಮಾತ್ರ ಮುಟ್ಟಬಾರದು. ಇದನ್ನು ಗಂಡನಿಗೆ ಹೇಳಲಿಲ್ಲ.

ಮೀನಿನ ಮಾವಶಿ ಅವಳನ್ನು ಗೇಟಿನಲ್ಲಿ ಕಂಡವಳೇ "ಕಾಯ್ ವಹಿನಿ, ಗಾವೀ ಗೆಲೇಲಿ ಕಾ?" ಎಂದಳು. ಊರಿಗೆ ಹೋಗಿದ್ದೆಯಾ ಎಂದು! ಹೌದೆಂದು ತಲೆಯಾಡಿಸಿ ರತ್ನಾವತಿ ಎರಡು ಬಂಗುಡೆ ಆರಿಸಿಕೊಂಡಳು. ತೆಂಗಿನಕಾಯಿ ನುಣ್ಣಗೆ ಅರೆದು, ಮೆಣಸು ಕಡಿಮೆ ಮಾಡಿ ಗಸಿ ಕುದಿಸಿದಳು. ಕೈ ಅಭ್ಯಾಸಬಲದಿಂದ ಸೌಟಿನಿಂದ ಒಂದು ತೊಟ್ಟು ಗಸಿಯನ್ನು ಅಂಗೈಗೆ ಬಿಟ್ಟುಕೊಂಡಿತು. ನೆಕ್ಕಿ ನೋಡದೆ ಅವಳು ಹುಟ್ಟಿದಾಗಿನಿಂದ ಉಪ್ಪು ಹಾಕಿದವಳಲ್ಲ. ತಟ್ಟನೆ ನೆನಪಾಗಿ ನಲ್ಲಿಯ ಕೆಳಗೆ ಕೈ ತೊಳೆದುಕೊಂಡಳು. ಹೆಚ್ಚಾದರೆ ತೆಗೆಯಲಾಗದು, ಕಡಿಮೆಯಾದರೆ ಹೇಗೂ ಅವರ ಬಾಯಿ ಸುಮ್ಮನಿರುವುದಿಲ್ಲ ಎಂದು ಅಂದಾಜಿನಲ್ಲಿ ಒಂದು ಚಿಟಿಕೆ ಹಾಕಿ ಬಡಿಸಿದಳು.

ಮೋಹನದಾಸರು ಮೊದಲ ತುತ್ತನ್ನು ಬಾಯಲ್ಲಿಟ್ಟು ಮೆಲ್ಲಮೆಲ್ಲನೆ ಅಗಿದರು. ಕಣ್ಣಲ್ಲಿ ನೀರು ನಿಂತಿತ್ತು.

"ಹೇಗುಂಟು?"

"ಒಳ್ಳೇದುಂಟು."

"ನೀನೂ ಬಡಿಸಿಕೋ" ಎಂದಾಗ ಅವಳು "ನನಗೆ ಈಗ ಹಸಿವಿಲ್ಲ, ಆಮೇಲೆ" ಎಂದಳು. ಆಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡು ಬೇಳೆಸಾರು ಉಂಡಳು. ಮರುದಿನವೂ ಹಾಗೆಯೇ, ಅದರ ಮರುದಿನವೂ. ದಿನವೂ ಅವರದು ಅದೇ ಒಳ್ಳೇದುಂಟು. ಔಷಧಿ ಅವರ ನಾಲಿಗೆಯನ್ನೇ ಕೊಂದಿತೇ? ಅಥವಾ ತಪ್ಪು ಹುಡುಕುವ ಆಸೆಯನ್ನೇ ತೆಗೆದುಬಿಟ್ಟಿತೇ? ಹಳೆಯ ಮನುಷ್ಯ ಒಮ್ಮೆ ಎದ್ದು ಬಂದು, ತಟ್ಟೆ ದೂಡಿ, ಇದೆಂಥ ಗಸಿ ಎಂದು ರೇಗಿದರೆ ಸಾಕಿತ್ತು. ಆ ರೇಗಾಟಕ್ಕಾಗಿ ಅವಳ ಜೀವ ಹಂಬಲಿಸುತ್ತಿತ್ತು.

ಮೊದಮೊದಲು ತೂಕ ಏರಿತು. ಆಮೇಲೆ ನಿಂತಿತು. ಆಮೇಲೆ ಮೋಹನದಾಸರು ಅರ್ಧ ತಟ್ಟೆಗೇ ಕೈ ತೊಳೆಯತೊಡಗಿದರು. ಡಾಕ್ಟರರು ಹೇಳಿದ ಗಡುವು ಹತ್ತಿರ ಬರುತ್ತಿತ್ತು. ರತ್ನಾವತಿ ಹೆದರಿ ತೃಪ್ತಿಗೆ ಫೋನು ಮಾಡಿದಳು. ಹುಡುಗಿ ಈ ಸಲ ಏನು ತಿನ್ನುತ್ತಾರೆ ಎಂದು ಕೇಳಲೇ ಇಲ್ಲ. ಅಂಕಲ್ ಒಬ್ಬರೇ ಕೂತು ತಿನ್ನುತ್ತಾರಾ ಎಂದು ಕೇಳಿದಳು. ಕಾಯಿಲೆಯವರ ಎದುರು ಯಾರೂ ತಿನ್ನದೆ ಕಾವಲು ಕೂತರೆ ಊಟವೂ ಔಷಧಿಯೇ ಆಗಿಬಿಡುತ್ತದೆ. ನೀವೂ ಎದುರು ಕೂತುಕೊಳ್ಳಿ, ಅದನ್ನೇ ಬಡಿಸಿಕೊಳ್ಳಿ, ಜೊತೆಗೆ ತಿನ್ನಿ ಎಂದಳು.

ಅದನ್ನೇ ಬಡಿಸಿಕೊಳ್ಳಿ! ಹೇಳುವವರಿಗೆ ಸುಲಭ. ಅವಳಿಗೆ ಹರಕೆ ಎಂದರೆ ಗಂಡನ ಜೀವಕ್ಕೆ ಕಟ್ಟಿದ ಹಗ್ಗ. ಅದರಲ್ಲಿ ಅರ್ಧ ಎಳೆ ಆಗಲೇ ಬಿಚ್ಚಿಯಾಗಿತ್ತು. ಉಳಿದದ್ದನ್ನೂ ಬಿಚ್ಚಿದರೆ? ಬಿಚ್ಚದಿದ್ದರೆ ತೂಕ ಬರುವುದಿಲ್ಲ, ತೂಕ ಬಾರದಿದ್ದರೆ ಆಪರೇಶನ್ ಇಲ್ಲ. ಅತ್ತ ದರಿ, ಇತ್ತ ಪುಲಿ. ಎರಡು ದಿನ ಅವಳು ದೇವರ ಮುಂದೆ ಕೂತಳು, ದೇವಿ ಬಾಯಿ ಬಿಡಲಿಲ್ಲ.

ಮುಂದೆ ಮೋಹನದಾಸರ ತೂಕ ಬಂತು, ಆಪರೇಶನ್ನೂ ಆಯಿತು, ಅದೆಲ್ಲ ಆಮೇಲಿನ ಮಾತು. ಮೂರನೆಯ ದಿನ ಮಧ್ಯಾಹ್ನ ನಡೆದದ್ದನ್ನು ಹೇಳಲೇಬೇಕು.

ರತ್ನಾವತಿ ಎರಡು ತಟ್ಟೆ ಇಟ್ಟಳು. ಎರಡಕ್ಕೂ ಅನ್ನ, ಎರಡಕ್ಕೂ ಬಂಗುಡೆ. ಮೋಹನದಾಸರು ಅವಳ ತಟ್ಟೆಯನ್ನು ನೋಡಿದರು, ಅವಳ ಮುಖ ನೋಡಿದರು.

"ಬೇಡ ರತ್ನಾ" ಎಂದರು.

ಅವಳು ಕೇಳಲಿಲ್ಲ. ಕಣ್ಣು ಮುಚ್ಚಿ, ತಪ್ಪಾಯಿತು ಅಮ್ಮಾ ಎಂದುಕೊಂಡು, ಗಸಿ ಕಲಸಿದ ತುತ್ತನ್ನು ಬಾಯಿಗಿಟ್ಟಳು. ಅಗಿದಳು. ನುಂಗಲು ಹೋಗಿ ನಿಂತುಬಿಟ್ಟಳು.

ಗಸಿ ಬರೀ ಸಪ್ಪೆ. ಗೋಡೆಗೆ ಬಳಿಯುವ ಮಣ್ಣಿಗೂ ಇದಕ್ಕಿಂತ ರುಚಿ ಇದ್ದೀತು.

"ಇದಕ್ಕೆ ಉಪ್ಪೇ ಇಲ್ಲ!"

"ಇಲ್ಲ" ಎಂದರು ಮೋಹನದಾಸರು.

"ನಿಮಗೆ ಗೊತ್ತಾಗ್ತಿತ್ತಾ?"

"ಮೊದಲ ದಿನವೇ ಗೊತ್ತಾಯ್ತು. ನಾಲಿಗೆ ಸತ್ತಿಲ್ಲ ನಂದು."

"ಮತ್ತೆ ಇಷ್ಟು ದಿನ ಒಳ್ಳೇದುಂಟು, ಒಳ್ಳೇದುಂಟು ಅಂತ ತಿಂದದ್ದು ಎಂತಕ್ಕೆ? ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?"

ಅವರು ತಟ್ಟೆಯ ಅಂಚಿನಲ್ಲಿ ಬೆರಳಾಡಿಸಿದರು. "ನೀನು ತಿನ್ನುದಿಲ್ಲ ಅಂತ ನೋಡಿದೆ. ಹರಕೆ ಬಿಟ್ಟಿಲ್ಲ ಅಂತ ಗೊತ್ತಾಯ್ತು. ಉಪ್ಪು ಕಡಿಮೆ ಅಂತ ಹೇಳಿದ್ರೆ ನಿನ್ನ ಕೈ ಸುಮ್ನಿರ್ತದಾ? ಅಂಗೈಗೆ ಹಾಕಿ ನೆಕ್ತದೆ. ಹರಕೆ ಮುರೀತದೆ." ಆಮೇಲೆ ಮೆಲ್ಲಗೆ ಹೇಳಿದರು: "ಆವತ್ತು ನಿನ್ನ ಹರಕೆಗೆ ನಗಾಡಿದ್ದು ಹೌದು. ಆದ್ರೆ ನಂಗೆ ಹೆದರಿಕೆ ಆಗಿತ್ತು ಮಾರಾಯ್ತಿ. ನಂಗೆ ಬದುಕ್ಬೇಕು."

ರತ್ನಾವತಿ ಬಾಯಲ್ಲಿದ್ದ ತುತ್ತನ್ನು ಅಳುತ್ತಲೇ ನುಂಗಿದಳು.

"ಈಗ ತಿಂದೂ ಆಯ್ತಲ್ಲ" ಎಂದಳು. "ಇನ್ನೆಂತ ಮಾಡುದು?"

ಮೋಹನದಾಸರು ಮೀನಿನ ಮುಳ್ಳು ಬಿಡಿಸಿ, ದಪ್ಪದ ತುಂಡನ್ನು ಅವಳ ಅನ್ನದ ಮೇಲಿಟ್ಟರು. ತಮ್ಮ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಎಂತ ಮಾಡುದು ಅಂತ ಕೇಳ್ತಾಳೆ. ಹೋಗು, ಉಪ್ಪು ತಾ."