ಅಕ್ಕನ ಉಪವಾಸ

ಪಕ್ಕದ ಹೊಲಿಗೆ ಮಿಷನ್ನಿನ ಅಕ್ಕನ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಅಷ್ಟು ಬಡಕಲು ಕೈ. ಆ ಕೈ ಕಾಲರ್ ಹೊಲಿಯುವುದನ್ನು ಮಾತ್ರ ನೋಡಬೇಕಿತ್ತು! ಎರಡು ಸಾವಿರದ ಇಸವಿ ಕಳೆದ ಮೇಲೆ ತುಮಕೂರಿನ ಆ ಗಾರ್ಮೆಂಟ್ಸ್ ಸೇರಿದ ನನಗೆ, "ಬಟ್ಟೆ ಎಳೀಬ್ಯಾಡ ಕಣೇ, ಅದೇ ಹೋಯ್ತದೆ ಬುಡು" ಎಂದು ಕೆಲಸ ಕಲಿಸಿದವಳು ಅವಳೇ. ಕೊತ್ತಗೆರೆಯವಳು. ಗಂಡ ಬಿಟ್ಟುಹೋಗಿದ್ದ. ಬಟವಾಡಿಯ ಒಂದು ರೂಮಿನಲ್ಲಿದ್ದುಕೊಂಡು ಮಗಳನ್ನು ಓದಿಸುತ್ತಿದ್ದಳು. ಈ ಕೆಲಸ ಹೋದರೆ ಮಗಳ ಓದೂ ನಿಲ್ಲುತ್ತಿತ್ತು.

ಡ್ಯೂಟಿ ಮುಗಿಯುವವರೆಗೆ ಅಕ್ಕ ಒಂದು ತುತ್ತೂ ತಿನ್ನುತ್ತಿರಲಿಲ್ಲ. "ಶಿವನಿಗೆ ಹರಕೆ ಹೊತ್ತಿದೀನಿ" ಅನ್ನುತ್ತಿದ್ದಳು. ಹಣೆ ತುಂಬ ವಿಭೂತಿ ಬಳಿದುಕೊಂಡು ಬರುವ ಸೂಪರ್‌ವೈಸರ್, ನಮ್ಮನ್ನೆಲ್ಲ "ಬಾರೇ, ಹೋಗೇ" ಅನ್ನುವ ಆಸಾಮಿ, ಅವಳೊಬ್ಬಳನ್ನು "ಅಮ್ಮಾ" ಎಂದು ಕರೆಯುತ್ತಿದ್ದ.

ಒಂದು ಭಾನುವಾರ ನಾವಿಬ್ಬರೂ ಗುಬ್ಬಿಗೆ ಮದುವೆಗೆ ಹೊರಟಾಗ ಅಕ್ಕ ನಡುದಾರಿಯಲ್ಲೇ ಬಸ್ಸು ನಿಲ್ಲಿಸಿ ಬೇಲಿ ಮರೆಗೆ ಓಡಿದಳು. ನಾನೂ ಇಳಿದೆ. ಅವಳ ಚೀಲದಲ್ಲಿ ಮಡಿಸಿಟ್ಟ ಇನ್ನೊಂದು ಲಂಗವಿತ್ತು.

"ದೊಡ್ಡ ಕರುಳೆಲ್ಲ ಹುಣ್ಣು ಕಣೇ. ರಕ್ತ ಹೋಯ್ತದೆ. ತಿಂದ್ರೆ ಓಡ್ಬೇಕು, ಅದಕ್ಕೇ ತಿನ್ನಲ್ಲ. ಹರಕೆನೂ ಇಲ್ಲ, ಮಣ್ಣೂ ಇಲ್ಲ. ಯಾರಿಗೂ ಹೇಳ್ಬ್ಯಾಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ನಮ್ಮ ಲೈನಿಗೆಲ್ಲ ಇದ್ದದ್ದು ಒಂದೇ ಮರದ ಬಿಲ್ಲೆ. ಸೂಪರ್‌ವೈಸರ್ ಮೇಜಿನಿಂದ ಅದನ್ನು ಕೇಳಿ ತೆಗೆದುಕೊಂಡೇ ಕಕ್ಕಸಿಗೆ ಹೋಗಬೇಕು. ಅದೊಂದು ದಿನ ಕಾಯಿಲೆ ಕೆರಳಿತ್ತು, ಖಾಲಿ ಹೊಟ್ಟೆಯೂ ಕಾಪಾಡಲಿಲ್ಲ. ಅಕ್ಕ ನಾಲ್ಕನೇ ಸಲ ಬಿಲ್ಲೆಗೆ ಕೈಚಾಚಿದಾಗ ಅವನು, "ಉಪವಾಸ ಇರೋರಿಗೆ ಇದೇನಮ್ಮಾ ಇಷ್ಟೊಂದು?" ಎಂದ. ಲೈನಿಗೆ ಲೈನೇ ಕಿಸಕ್ಕೆಂದಿತು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಬಾಯಿಗಿಷ್ಟು ಮಣ್ಣು ಹಾಕ, ಎದ್ದು ನಿಂತು ಅರಚಿದೆ: "ಅಕ್ಕಂಗೆ ಕರುಳಿನ ಕಾಯಿಲೆ ಸಾರ್! ರಕ್ತ ಹೋಗ್ತಿದೆ! ಕೊಡಿ ಬಿಲ್ಲೆ!"

ಕೊಟ್ಟ. ಕೈಗಲ್ಲ, ಮೇಜಿನ ಮೇಲೆ ದೂರ ತಳ್ಳಿ.

ಮರುದಿನದಿಂದ ಹೆಂಗಸರು ಅವಳು ಮುಟ್ಟಿದ ಲೋಟ ಮುಟ್ಟಲಿಲ್ಲ. ಅಂಟುರೋಗವಲ್ಲ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ತಂದಳು, ಯಾರೂ ಓದಲಿಲ್ಲ. ವಾರ ತುಂಬುವುದರೊಳಗೆ "ಪೂರ್ತಿ ವಾಸಿ ಮಾಡ್ಕೊಂಡು ಬಾರಮ್ಮ" ಎಂದು ಕಳಿಸಿಬಿಟ್ಟರು. ಅದು ಪೂರ್ತಿ ವಾಸಿಯಾಗುವ ಕಾಯಿಲೆಯೇ ಅಲ್ಲ.

ಗೇಟಿನ ಹತ್ತಿರ ಅಕ್ಕ ನನಗೆ ಹೇಳಿದ್ದಿಷ್ಟೇ: "ಸುಳ್ಳು ಹೇಳ್ಕೊಂಡು ಆರು ವರ್ಷ ದುಡಿದೆ ಕಣೇ. ನಿಜ ಹೇಳಿ ಒಂದೇ ವಾರಕ್ಕೆ ಮನೆಗೆ ಕಳಿಸ್ಬುಟ್ಟೆ ನೀನು."

ಮುಂದಿನ ತಿಂಗಳು ಮಗಳು ಕಾಲೇಜು ಬಿಟ್ಟು ಅದೇ ಮಿಷನ್ನಿಗೆ ಬಂದು ಕೂತಳು. ಅವಳಿಗೆ ಕಾಲರ್ ಹೊಲಿಯುವುದನ್ನು ನಾನೇ ಕಲಿಸಿದೆ. ಎರಡು ವರ್ಷದ ಮೇಲೆ ಕರುಳಿನ ಆಪರೇಷನ್ ಆಯಿತು, ಅಕ್ಕ ಉಳಿಯಲಿಲ್ಲ.

ಕೊತ್ತಗೆರೆಯಲ್ಲಿ ತಿಥಿಯ ದಿನ ಊಟಕ್ಕೆ ಪಕ್ಕದ ಎಲೆಗೆ ಕೂತಿದ್ದ ಅಜ್ಜಿ ಕೇಳಿತು: "ಅಷ್ಟೊಂದು ಉಪಾಸ ಮಾಡ್ದೋಳು, ಏನ್ ಹರಕೆ ಹೊತ್ತಿದ್ಲವ್ವಾ?"

ಅನ್ನ ಬಡಿಸುತ್ತಿದ್ದ ಮಗಳ ಕೈ ನಿಂತಿತು. ನನ್ನ ಮುಖವನ್ನೇ ನೋಡಿದಳು.

"ಮಗಳು ಓದ್ಲಿ ಅಂತ ಕಣಜ್ಜಿ" ಅಂದೆ.