ಒಲಿ ಮುಂದಿನ ಬಿಸಿ ರೊಟ್ಟಿ

ಪೂನಮ್ ಪರದೇಶಕ್ಕ ಹೋಗಿ ಏನು ಕಲತು ಬಂದ್ಲು ಅಂತ ರಾಮದುರ್ಗದಾಗ ಕೇಳದವರಿಲ್ಲ. ಪ್ಯಾಟ್ಯಾಗ ಕಂಡವರು ಕೇಳಿದ್ರು, ಹೆಸರು ಗೊತ್ತಿಲ್ಲದವರೂ ತರುಬಿ ಕೇಳಿದ್ರು. ಹುಡುಗಿ ಏನಂತ ಹೇಳಬೇಕು? ರೊಬಾಟ್ ಮಾಡೂದು ಕಲತಿದ್ಲು, ದುರ್ಬೀನಿನ್ಯಾಗ ಚಂದ್ರನ್ನ ನೋಡಿದ್ಲು, ಯಾವ್ಯಾವ ದೇಶದ ಹುಡುಗರ ಜೋಡಿ ಹಾಡಿದ್ಲು. ಆದರ ಮೈಗೆ ಹತ್ತಿದ್ದು ಒಂದ. ಉಂಡ ತಾಟು ಎತ್ಕೊಂಡು ಸೀದಾ ಅಡಗಿಮನಿಗೆ ಹೋಗಿ ತೊಳದಿಡೂದು. ತೊಳಿಯೂದೇನು ಆಕಿಗೆ ಹೊಸದಲ್ಲ. ಯಾರ ಅಡಗಿಮನಿ, ಹೋಗಬೇಕೋ ಬ್ಯಾಡೋ ಅಂತ ಯೋಚನಿ ಮಾಡದ ಒಳಗ ಹೋಗೂದು ಹೊಸದು. ಅದ ಆಕಿಗೆ ಮುಳುವಾತು.

ಡೆನ್ಮಾರ್ಕಿನ ಬ್ಯಾಸಗಿ ಶಿಬಿರಕ್ಕ ಅಂತ ಅವರ ಸಾಲಿಯಿಂದ ಇಬ್ಬರು ಹುಡುಗ್ಯಾರನ್ನ ಆರಿಸಿದ್ರು. ಒಬ್ಬಾಕಿ ಪೂನಮ್, ಮನಿಮನಿಗೆ ಲೈಟಿನ ವೈರಿಂಗ್ ಮಾಡೋ ಪರಪ್ಪನ ಮಗಳು. ಇನ್ನೊಬ್ಬಾಕಿ ಶಿವಾನಿ, ಕಾಳುಕಡಿ ವ್ಯಾಪಾರದ ಅಡತಿ ಅಂಗಡಿ ಮಡಿವಾಳೆಪ್ಪನ ಮಗಳು. ಪರಪ್ಪನ ಗೋಡಿ ಮ್ಯಾಲೆ ಬುದ್ಧ, ಬಾಬಾಸಾಹೇಬರು. ಮಡಿವಾಳೆಪ್ಪನ ಗೋಡಿ ಮ್ಯಾಲೆ ಬಸವಣ್ಣ. ಜಾತಿ ಬ್ಯಾಡ ಅಂದವರ ಫೋಟೋ ಎರಡೂ ಮನಿಯಾಗ ಅದಾವ, ಹಾರ ಹಾಕೂದ್ರಾಗ ಯಾರೂ ಕಡಿಮಿ ಇಲ್ಲ. ಹಂಗಿದ್ರೂ ಒಂದ ಕ್ಲಾಸಿನ ಈ ಹುಡುಗ್ಯಾರು ಒಬ್ಬರ ಮನಿ ಹೊಸ್ತಿಲಾ ಒಬ್ಬರು ತುಳದಿದ್ದಿಲ್ಲ. ಯಾಕ ಅಂತ ಪೂನಮ್‌ಗೆ ಹೊಳದೂ ಇದ್ದಿಲ್ಲ. ಆ ಓಣಿ ದೂರ ಆಕ್ಕತಿ ಅಂತಿದ್ಲು ಅವ್ವ ಕೃಷ್ಣವ್ವ, ಮಗಳು ನಂಬಿದ್ಲು.

ಅವರ ಬ್ಯಾಸಗಿ ಎಂಥಾ ಬ್ಯಾಸಗಿನೋ ಏನೋ, ಜುಲೈ ತಿಂಗಳದಾಗ ಹಲ್ಲು ಕಟಕಟ ಅಂತಿದ್ದುವು. ಹಸಿ ಮೀನದ ವಾಸನಿಗೆ ಶಿವಾನಿ ಮೊದಲನೇ ದಿನಾನ ಅತ್ಲು. ಅದರ ಮ್ಯಾಲೆ ಉಂಡವರು ತಮ್ಮ ತಮ್ಮ ತಾಟು ತೊಳೀಬೇಕು ಅನ್ನೋ ನೇಮ. ಮನಿಯಾಗ ಒಂದು ಚಹಾದ ಕಪ್ ಎತ್ತಿಟ್ಟ ಹುಡುಗಿ ಅಲ್ಲ ಅದು. ಸಾಬಾಣ ಹಿಡಕೊಂಡು ಪಿಳಿಪಿಳಿ ನೋಡಿತು. ಕೊಡು ಇಲ್ಲೆ ಅಂತ ಪೂನಮ್ ಆಕಿ ತಾಟೂ ತೊಗೊಂಡು ತೊಳದ್ಲು. ಅವತ್ತಿನಿಂದ ಶಿಬಿರ ಮುಗಿಯೂತನಕ ಶಿವಾನಿ ತಾಟು ಪೂನಮ್ ತಾನ ತೊಳದ್ಲು. ಬದಲಿಗೆ ಶಿವಾನಿ ತನ್ನ ಚೀಲ ತಗದ್ಲು. ಅಜ್ಜಿ ಸೋಮವ್ವ ಬಡದು ಕಟ್ಟಿಕೊಟ್ಟ ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ. ಇಬ್ಬರೂ ಒಂದ ತಾಟಿನ್ಯಾಗ ಮುರಕೊಂಡು ತಿಂದ್ರು. ಥಂಡಿ ಹೆಚ್ಚಾದ್ರ ಶಿವಾನಿ ಬಂದು ಪೂನಮ್ನ ಚಾದರಿನ್ಯಾಗ ತೂರಿಕೊಳ್ಳತಿದ್ಲು.

ಹೊಂಡೂ ಮುಂದ ಕಡೀ ರೊಟ್ಟಿ ಎರಡು ಪಾಲು ಮಾಡಿ ಶಿವಾನಿ ಅಂದ್ಲು, "ಊರಿಗೆ ಹೋದ ಮ್ಯಾಲೆ ನಮ್ಮನಿಗೆ ಬಾ. ಅಜ್ಜಿ ಒಲಿ ಮುಂದ ಕುಂಡ್ರಿಸಿ ಬಿಸಿ ರೊಟ್ಟಿ ತಿನಸ್ತೇನಿ. ನನ್ನಾಣಿ."

ಪೂನಮ್ ಆ ಆಣಿ ಗಂಟು ಹಾಕಿಕೊಂಡು ಬಂದ್ಲು. ಶಿಬಿರದ ಕಮ್ಮಟದಾಗ ತಾನ ಕೆತ್ತಿದ ಒಂದು ಕಟಗಿ ಚಮಚ ಸೋಮವ್ವಜ್ಜಿಗೆ ಅಂತ ತಗದಿಟ್ಟಿದ್ಲು. ಅಷ್ಟು ದಿನ ಹೊಟ್ಟಿ ತುಂಬಿಸಿದಾಕಿಗೆ ಬರಿಗೈಲೆ ಹೆಂಗ ಹೋಗೂದು ಅಂತ.

ಸಾಲಿಯಾಗ ಸನ್ಮಾನ ಇಟ್ಟಿದ್ರು. ಹಿಂದಿನ ದಿನ ಮಡಿವಾಳೆಪ್ಪ ತನ್ನ ಮನಿಗೆ ಹೆಡ್‌ಮಾಸ್ತರ ಗುರುನಾಥ ಸರ್‌ನ, ಇನ್ನೂ ನಾಕು ಮಂದಿನ ಫರಾಳಕ್ಕ ಕರದ. ಪೂನಮ್‌ನೂ ಕರದ, ಪ್ರೀತಿಯಿಂದನ ಕರದ. ಮನಷ್ಯಾ ಕೆಟ್ಟವಲ್ಲ. ಕೃಷ್ಣವ್ವ ಮಗಳ ಜಡಿ ಹಾಕಿ, ಪಡಸಾಲಿಯಾಗ ಕುಂತು ತಿಂದು ಲಗೂನ ಬಾ ಅಂದ್ಲು. ಪರಪ್ಪ ತನ್ನ ವೈರಿನ ಸುರಳಿ ಬಿಚ್ಚಕೋತ ಕುಂತ.

ಪಡಸಾಲಿಯಾಗ ಖುರ್ಚಿ ಹಾಕಿ ಎಲ್ಲಾರಿಗೂ ಉಪ್ಪಿಟ್ಟು ಕೊಟ್ರು. ಪೂನಮ್‌ಗೂ ಅಂಥಾದ ಸ್ಟೀಲ್ ತಾಟು, ಅಂಥಾದ ಖುರ್ಚಿ. ಹುಡುಗಿ ಉಬ್ಬಿಹೋತು. ಉಂಡು ಮುಗಿಸಿ, ಡೆನ್ಮಾರ್ಕಿನ್ಯಾಗ ಎದ್ದಂಗ ತಾಟು ಹಿಡಕೊಂಡು ಎದ್ದು ಸೀದಾ ಒಳಗ ನಡದ್ಲು.

ಸೋಮವ್ವ ಒಲಿ ಮುಂದ ರೊಟ್ಟಿ ಬಡಿಯಾಕಹತ್ತಿದ್ಲು. ಪೂನಮ್ ನಳದ ಕೆಳಗ ತಾಟು ತೊಳದ್ಲು. ಅಜ್ಜಿ, ನಿಮ್ಮ ರೊಟ್ಟಿ ಇರಲಿಲ್ಲಂದ್ರ ನಾವಿಬ್ಬರೂ ಅಲ್ಲಿ ಉಪಾಸ ಸಾಯತಿದ್ವಿ ಅಂತ ನಕ್ಕೋತ, ತಂಬಿಗಿ ಕೊಡದಾಗ ಅದ್ದಿ ನೀರು ಕುಡದ್ಲು. ಸೋಮವ್ವ ಬೈಲಿಲ್ಲ, ಮಾರಿ ಸಿಂಡರಿಸಲಿಲ್ಲ. ಕೈ ಮಾತ್ರ ಅಲ್ಲೇ ನಿಂತಿತು. ಹಂಚಿನ ಮ್ಯಾಲಿನ ರೊಟ್ಟಿ ಕರ್ರಗ ಸೀದು ಹೊಗಿ ಎದ್ದರೂ ತಿರುವಲಿಲ್ಲ. ಆಮ್ಯಾಲೆ ಮೆಲ್ಲಕ, ಅಲ್ಲೇ ಇಟ್ಟು ಹೊರಗ ಕುಂದ್ರವಾ ಅಂದ್ಲು.

ಹೊರಗ ಬಂದ ಮ್ಯಾಲೆ ಚಮಚ ನೆನಪಾತು. ಮಂದಿ ಮಾತಿನ್ಯಾಗಿದ್ದಾಗ ಪೂನಮ್ ಚೀಲ ತೊಗೊಂಡು ತಿರುಗಿ ಒಳಗ ಹೋದ್ಲು. ಅಡಗಿಮನಿಯಾಗ ಯಾರೂ ಇಲ್ಲ. ಹಿತ್ತಲ ಬಾಗಲ ತೆರದಿತ್ತು. ಸೋಮವ್ವ ಮುಂಜಾನಿಂದ ಬಡದ ರೊಟ್ಟಿ ಎಲ್ಲಾ ಬುಟ್ಟಿ ಸಮೇತ ಎಮ್ಮಿ ಮುಂದ ಸುರವಾಕಹತ್ತಿದ್ಲು. ಕರಿಬೇವಿನ ಗಿಡದ ಬುಡಕ್ಕ ಆ ಕೊಡ ಬಗ್ಗಿಸಿ ನೀರು ಚೆಲ್ಲಾಕಹತ್ತಿದಾಕಿ ಶಿವಾನಿ.

ಅಜ್ಜಿ ಒಬ್ಬಾಕಿನ ಮಾಡಿದ್ರ ಹುಡುಗಿ ತಡಕೋತಿದ್ಲು. ಹಳೇ ಜೀವ, ಹುಟ್ಟು ಗುಣ ಸುಟ್ರೂ ಹೋಗಂಗಿಲ್ಲ ಅಂತ ಬಿಡತಿದ್ಲು. ಕೊಡ ಶಿವಾನಿ ಕೈಯಾಗಿತ್ತು. ತನ್ನ ಚಾದರಿನ್ಯಾಗ ಮಲಗಿದಾಕಿ ಕೈಯಾಗ.

ಶಿವಾನಿ ತಿರುಗಿ ನೋಡಿ ಬೆಳ್ಳಗಾದ್ಲು. ಓಡಿ ಬಂದು ಪಿಸಪಿಸ ಅಂದ್ಲು, "ನಾ ಏನ್ ಇದನ್ನೆಲ್ಲಾ ನಂಬೂದಿಲ್ಲ ಪೂನಮ್. ಅಜ್ಜಿ ಸಮಾಧಾನಕ್ಕ ಅಷ್ಟ."

ಪೂನಮ್ ಮನಿಗೆ ಬಂದು ಚಮಚ ಅವ್ವನ ಕೈಯಾಗಿಟ್ಟು ಅತ್ಲು. ಕೃಷ್ಣವ್ವಗ ಎರಡು ಮಾತಿನ್ಯಾಗ ಎಲ್ಲಾ ತಿಳೀತು. ಪರಪ್ಪ ಕೈಯಾಗಿನ ವೈರ್ ಕತ್ತರಸೋ ಪಕ್ಕಡ ಕೆಳಗಿಟ್ಟು ಕುಂತ. ಆ ಮನಿ ವೈರಿಂಗ್ ಪೂರಾ ತಾನ ಮಾಡೇನಿ ಅಂತ ಹೇಳಿದ. ದೇವರ ಖೋಲಿ ಮತ್ತ ಅಡಗಿಮನಿ ಬಿಟ್ಟು. ಅವೆರಡಕ್ಕೂ ಬೈಲಹೊಂಗಲದಿಂದ ಬ್ಯಾರೆ ಆಳು ಬಂದಿದ್ದ. ಯಾಕ ಅಂತ ಇವ ಕೇಳಲಿಲ್ಲ, ಅವರೂ ಹೇಳಲಿಲ್ಲ, ಹೋಗಬೇಕಾದ್ರ ಚಹಾ ಮಾತ್ರ ಕುಡಿಸಿ ಕಳಿಸಿದ್ರು.

ಪೂನಮ್‌ಗೆ ಸಿಟ್ಟು ಬಂದದ್ದು ಅಪ್ಪನ ಮ್ಯಾಲೆ. ಇಷ್ಟೆಲ್ಲಾ ಗೊತ್ತಿದ್ದೂ ನನಗ ಯಾಕ ಮೊದಲ ಹೇಳಲಿಲ್ಲ ಅಂತ ಚೀರಿದ್ಲು. ಗೊತ್ತಿದ್ರ ನಾ ಆ ಬಾಗಲಾ ದಾಟತಿದ್ದಿಲ್ಲ ಅಂದ್ಲು.

"ಹೇಳಿದ್ರ ನೀ ಅಲ್ಲಿ ಆಕಿ ಜೋಡಿ ಒಂದ ತಾಟಿನ್ಯಾಗ ಉಣತಿದ್ದೇನವಾ?" ಅಂದ ಪರಪ್ಪ. "ಅಲ್ಲೆರ ನಿರಾಳ ಉಣ್ಲಿ ಅಂದ್ಕೊಂಡೆ."



ಮರುದಿನ ಸಾಲಿಯಾಗ ಸನ್ಮಾನ ಭಾರಿ ಆತು. ಶಾಲು, ಹಾರ, ಫೋಟೋ. ಶಿವಾನಿ ಮೈಕ್ ಹಿಡದು ಚಂದ ಮಾತಾಡಿದ್ಲು. ಅಲ್ಲಿ ನಾನು, ಪೂನಮ್ ಒಂದ ತಾಟಿನ್ಯಾಗ ಊಟಾ ಮಾಡಿದ್ವಿ, ಜಗತ್ತೇ ಒಂದು ಮನಿ ಅಂತ ಕಲತು ಬಂದ್ವಿ ಅಂದ್ಲು. ಚಪ್ಪಾಳಿ ಬಿತ್ತು. ಗುರುನಾಥ ಸರ್ ಕಣ್ಣು ಒರಸಿಕೊಂಡ್ರು. ಮಡಿವಾಳೆಪ್ಪನೂ ಒರಸಿಕೊಂಡ, ಪುಣ್ಯಾತ್ಮ. ಹಿಂದ ಕುಂತ ಕೃಷ್ಣವ್ವ ಮಂದಿ ಜೋಡಿ ತಾನೂ ಚಪ್ಪಾಳಿ ಹೊಡದ್ಲು, ಸುಮ್ನ ಕುಂತ್ರ ಎದ್ದು ಕಾಣತೇನಿ ಅಂತ.

ಪೂನಮ್ ಪಾಳಿ ಬಂತು. ರಾತ್ರೆಲ್ಲಾ ಎಷ್ಟು ಮಾತು ಜೋಡಿಸಿಟ್ಟಿದ್ಲೋ, ಮೈಕ್ ಮುಂದ ಎಲ್ಲಾ ಒಣಗಿಹೋದುವು. ಶಿವಾನಿ ಹೇಳಿದ್ದು ಖರೆ, ಅಲ್ಲಿ ನಾವು ಹಂಗ ಇದ್ವಿ ಅಂದು ಕುಂತ್ಲು. ಅದಕ್ಕೂ ಚಪ್ಪಾಳಿ ಹೊಡದ್ರು ಮಂದಿ.

ಕಾರ್ಯಕ್ರಮ ಮುಗದ ಮ್ಯಾಲೆ ಬಿಸಿಊಟದ ತಾಟಿನ್ಯಾಗ ಎಲ್ಲಾರಿಗೂ ಶಿರಾ ಕೊಟ್ರು. ಶಿವಾನಿ ಬಂದು ಮಗ್ಗಲಕ್ಕ ಕುಂತ್ಲು. ಸಿಟ್ಟಾಗೀಯೇನ ಅಂತ ಕೇಳಿದ್ಲು. ಪೂನಮ್ ಶಿರಾ ತಿಂದ್ಲು. ಶಿವಾನಿ ಅದನ್ನ ಸಿಟ್ಟು ಇಳೀತು ಅಂತ ತಿಳಕೊಂಡ್ಲು. ಪೂನಮ್ ನಳದ ಕಡೆ ಎದ್ದಾಗ, ಶಿಬಿರದಾಗ ಮಾಡಿದಂಗ ತನ್ನ ತಾಟೂ ಮುಂದ ಚಾಚಿದ್ಲು.

ಪೂನಮ್ ಕೈ ಅರ್ಧಕ್ಕ ಎದ್ದಿತ್ತು. ತೊಳದು ತೊಳದು ಬಿದ್ದ ರೂಢಿ. ಆ ಕೈ ಹಿಂದಕ್ಕ ತೊಗೊಂಡ್ಲು.

"ನಾ ಮುಟ್ಟಿದ್ರ ಅದನ್ನೂ ಗಿಡದ ಬುಡಕ್ಕ ಒಗಿತೀಯಲ್ಲ. ನೀನ ತೊಳಕೋ."

ತನ್ನ ತಾಟು ತೊಳದು ನೀರು ಬಸಿಯಾಕ ದಬ್ಬ ಹಾಕಿ, ಕಾಯಕೋತ ನಿಂತಿದ್ದ ಅವ್ವನ ಕಡೆ ನಡದ್ಲು. ಶಿವಾನಿಗೆ ತೊಳಿಯಾಕ ಬರಂಗಿಲ್ಲ ಅನ್ನೂದು ಪೂನಮ್‌ಗಿಂತ ಚಲೋ ಯಾರಿಗೂ ಗೊತ್ತಿದ್ದಿಲ್ಲ. ತಿರುಗಿ ನೋಡಬೇಕು ಅನ್ನಿಸಿತು. ನೋಡಲಿಲ್ಲ.